ಬಿಸಿಲೂರಿನಲ್ಲಿ ಕಾರ್ಡ್ ಕಾಪಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಕೆಮಾನ್, ಮ್ಯಾಜಿಕ್, ಯು-ಗಿ-ಓ ಆಟಗಳ ಕಾರ್ಡುಗಳನ್ನು ಮನೆಯಲ್ಲಿ ಕೂಡಿಡುವ ಹುಡುಗರು, ಅವರ ಅಪ್ಪ-ಅಮ್ಮಂದಿರು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಯೂಟ್ಯೂಬಿನಲ್ಲಿ ಸಿಗುವ ಸಲಹೆ ಬಹುಪಾಲು ಥಂಡಿ ದೇಶದವರದು, ಇಲ್ಲವೇ ಮುಂಬೈ-ಚೆನ್ನೈಯಂಥ ಕಡಲೂರಿನವರದು. ನಮ್ಮದು ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಸೀಮೆ. ಅವರ ಮಾತನ್ನು ಇಲ್ಲಿ ಹಾಗ್ಹಾಗೇ ಪಾಲಿಸಿದರೆ ಕಾರ್ಡು ಕೆಡುತ್ತದೆ. ಕೆಡಿಸಿಕೊಂಡವನ ಮಾತು ಇದು.

ಕಾರ್ಡಿನ ಜೊತೆ ಸಿಲಿಕಾ ಜೆಲ್ ಹಾಕಿಡಬೇಕು ಅಂತಾರಲ್ಲ, ಎಷ್ಟು ಹಾಕಲಿ?

ಇದು ಯಾವ ತಿಂಗಳು ಅಂತ ಮೊದಲು ಹೇಳಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಒಂದೂ ಬೇಡ.

ಕಾರ್ಡು ಎಷ್ಟೇ ಹೊಳೆದರೂ ಒಳಗೆ ಕಾಗದವೇ. ಗಾಳಿಯಲ್ಲಿ ತೇವ ಇದ್ದರೆ ಹೀರಿಕೊಂಡು ಹಿಗ್ಗುತ್ತದೆ, ಇಲ್ಲದಿದ್ದರೆ ತನ್ನಲ್ಲಿದ್ದದ್ದನ್ನೂ ಬಿಟ್ಟುಕೊಟ್ಟು ಕುಗ್ಗುತ್ತದೆ. ಅದಕ್ಕೆ ಹಿತವಾದ ಆರ್ದ್ರತೆ ಶೇ. 45-50ರ ಸುತ್ತ. ಮಂಗಳೂರಿನಂಥ ಊರಿನಲ್ಲಿ ಗಾಳಿ ವರ್ಷದ ಬಹುಪಾಲು ಅದಕ್ಕಿಂತ ಒದ್ದೆ, ಅಲ್ಲಿಯವರಿಗೆ ಜೆಲ್ ಹಾಕದೆ ಗತಿಯಿಲ್ಲ. ಇಲ್ಲಿ ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ನನ್ನ ಕೋಣೆಯ ಮೀಟರು 22 ತೋರಿಸಿತ್ತು. ಒಣಗಿ ಹಪ್ಪಳವಾದ ಗಾಳಿಯಿಂದ ಇನ್ನಷ್ಟು ತೇವ ಕಸಿದುಕೊಳ್ಳುವ ಪೊಟ್ಟಣ ಯಾಕೆ ಬೇಕು?

ಜೆಲ್ ಕೆಲಸಕ್ಕೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಈ ಮೂರೂ ಜಿಲ್ಲೆಗಳಲ್ಲಿ ಮಳೆ ಹೆಚ್ಚು ಬೀಳುವುದು ಜೂನ್‌ನಲ್ಲಲ್ಲ, ಸೆಪ್ಟೆಂಬರ್‌ನಲ್ಲಿ. ಆಗಲೂ 400 ಕಾರ್ಡು ಹಿಡಿಯುವ, ಮುಚ್ಚಳ ಬಿಗಿಯಾದ ಡಬ್ಬಿಗೆ 5 ಗ್ರಾಮಿನ ಒಂದೆರಡು ಪೊಟ್ಟಣ ಸಾಕು. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ತೇವ ತುಂಬಿದಾಗ ಹಸಿರಾಗಿ ತಾನೇ ಹೇಳುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಮಕ್ಕಳಿರುವ ಮನೆಗೆ ಬೇಡ. ಇನ್ನು ಬೂಟಿನ ಡಬ್ಬಿ, ಔಷಧಿ ಬಾಟಲಿಯಿಂದ ತೆಗೆದಿಟ್ಟ ಪೊಟ್ಟಣ ಎಂದೋ ಹೊಟ್ಟೆ ತುಂಬಿಸಿಕೊಂಡು ಕೂತಿರುತ್ತದೆ. ಅದನ್ನು ಹಾಕುವುದೂ ಒಂದೇ, ಬಿಡುವುದೂ ಒಂದೇ.

ಆರ್ದ್ರತೆ ಗೊತ್ತಾಗುವುದು ಹೇಗೆ? ಅಗ್ಗದ ಮೀಟರನ್ನು ನಂಬಬಹುದಾ?

ಬೆಂಕಿಪೊಟ್ಟಣದಷ್ಟು ದೊಡ್ಡ ಡಿಜಿಟಲ್ ಹೈಗ್ರೋಮೀಟರು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಂಬುವ ಮುಂಚೆ ಪರೀಕ್ಷೆ ಮಾಡಿ, ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದ ತುಂಬ ಪುಡಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಆ ಮುಚ್ಚಳ, ಪಕ್ಕದಲ್ಲಿ ಮೀಟರು, ಎರಡನ್ನೂ ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. 69 ತೋರಿಸಿದರೆ ನಿಮ್ಮ ಮೀಟರು ಆರು ಕಡಿಮೆ ಓದುತ್ತದೆ ಅಂತ ಅದರ ಬೆನ್ನಿಗೆ ಬರೆದು ಅಂಟಿಸಿಕೊಳ್ಳಿ. ನನ್ನದು ನಾಲ್ಕು ಹೆಚ್ಚು ಹೇಳುವ ಬಡಾಯಿ ಮೀಟರು.

ಮೀಟರು ಕೋಣೆಯ ಗೋಡೆ ಮೇಲೆ ಬೇಡ, ಕಾರ್ಡಿರುವ ಡಬ್ಬಿಯೊಳಗೇ ಇರಲಿ.

ಕೋಣೆಯಲ್ಲಿ ಕೂಲರ್ ಹಾಕೇವಿ. ಕಾರ್ಡಿಗೂ ತಂಪು ಚಲೋ ಅಲ್ಲೇನ್ರಿ?

ಈ ಪ್ರಶ್ನೆಗೇ ನಾನು ಈ ಪುಟ ಬರೆಯಲು ಕೂತದ್ದು.

ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಆ ಆವಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಕೋಣೆಗೆ. ಹೊರಗೆ ಶೇ. 25 ಇದ್ದ ಗಾಳಿ ಹುಲ್ಲಿನ ಪ್ಯಾಡು ದಾಟಿ ಒಳಗೆ ಬರುವಷ್ಟರಲ್ಲಿ 60-70 ಆಗಿರುತ್ತದೆ. ಕಿಟಕಿ ಮುಚ್ಚಿದ್ದರೆ ಇನ್ನೂ ಮೇಲೆ. ಬೆಳಗ್ಗೆ ಕೂಲರ್ ಆರಿಸುತ್ತೀರಿ, ಹನ್ನೊಂದು ಗಂಟೆಗೆ ಮತ್ತೆ 25ಕ್ಕೆ ಬಿತ್ತು. ರಾತ್ರಿ ಮತ್ತೆ ಏರಿತು. ಹೀಗೆ ದಿನಕ್ಕೊಂದು ಸಲ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಎರಡು ತಿಂಗಳು ಕಳೆದರೆ ಕಾಗದಕ್ಕೆ ಏನಾಗಬೇಡ? ಎಡೆಬಿಡದೆ ಒದ್ದೆಯಿರುವ ಊರಿನಲ್ಲೂ ಕಾರ್ಡು ಇಷ್ಟು ಒದ್ದಾಡುವುದಿಲ್ಲ.

ನನಗೆ ಆದದ್ದು ಕೇಳಿ. ಮಾಳಿಗೆ ಮೇಲಿನ ಕೋಣೆಗೆ ಹೊಸ ಕೂಲರ್ ಬಂದ ವರ್ಷ, ಅದರ ಎದುರಿಗಿದ್ದ ಮೇಜಿನ ಮೇಲೆ ಬೈಂಡರನ್ನು (ಕಾರ್ಡು ಸೇರಿಸುವ ಕಿಸೆಗಳಿರುವ ಆಲ್ಬಮ್) ತೆರೆದೇ ಇಟ್ಟು ಊರಿಗೆ ಹೋದೆ. ಮನೆಯವರು ರಾತ್ರಿಯೆಲ್ಲ ಅಲ್ಲೇ ಮಲಗಿದ್ದರು. ನಾಲ್ಕನೇ ದಿನ ಬಂದು ನೋಡಿದರೆ, ಸಾದಾ ಕಾರ್ಡುಗಳು ನೆಟ್ಟಗೇ ಇದ್ದವು, ಚಿತ್ರದ ಬದಿಗೆ ಹೊಳಪಿನ ಪದರವಿರುವ ಫಾಯಿಲ್ ಕಾರ್ಡುಗಳೆಲ್ಲ ದೊನ್ನೆಯ ಹಾಗೆ ಅಂಚು ಎತ್ತಿಕೊಂಡು ಕಿಸೆಯೊಳಗೇ ಬಾಗಿದ್ದವು. ಯಾರನ್ನು ಬೈಯಲಿ? ಕೂಲರಿಗೆ ನೀರು ತುಂಬಿಸಿ ಹೋದವನೂ ನಾನೇ.

ಕೂಲರ್ ಇರುವ ಕೋಣೆಯಲ್ಲಿ ಕಾರ್ಡು ಇಡಲೇಬೇಕಾದರೆ ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ, ಹೊರಗೆ ತೆಗೆಯುವುದು ಕೂಲರ್ ಆರಿಸಿದ ಮೇಲೆ. ಎ.ಸಿ. ಆದರೆ ಇಷ್ಟು ತೊಂದರೆಯಿಲ್ಲ, ಅದು ಗಾಳಿಯ ತೇವ ತೆಗೆಯುತ್ತದೆ.

ಹಾಗಾದರೆ ಡಬ್ಬಿ ಹೇಗಿರಬೇಕು?

ಅಡುಗೆಮನೆಯಲ್ಲಿ ಹಿಟ್ಟು-ಬೇಳೆಗೆ ಇಡುವ, ನಾಲ್ಕು ಬದಿ ಕ್ಲಿಪ್ ಇರುವ ಪ್ಲಾಸ್ಟಿಕ್ ಡಬ್ಬಿ ಹೊಸದೊಂದು ತಂದರೆ ಮುಗಿಯಿತು. ಜೋಳದ ಹಿಟ್ಟು ಇದ್ದ ಹಳೇ ಡಬ್ಬಿ ಬೇಡ, ಎಷ್ಟು ತೊಳೆದರೂ ಹುಳಕ್ಕೆ ವಾಸನೆ ಸಿಗುತ್ತದೆ.

ಬಹಳ ಜನ ಗಮನಿಸದ ಒಂದು ಸಂಗತಿ: ತುಂಬಿದ ಡಬ್ಬಿಯೊಳಗೆ ತೇವ ಸ್ಥಿರವಾಗಿರುತ್ತದೆ, ಅರ್ಧ ಖಾಲಿ ಇದ್ದರೆ ಏರಿಳಿಯುತ್ತದೆ. ಕಾಗದವೇ ತೇವದ ಉಗ್ರಾಣ. ಗಾಳಿ ಒಣಗಿದರೆ ಸ್ವಲ್ಪ ಬಿಡುತ್ತದೆ, ಒದ್ದೆಯಾದರೆ ಸ್ವಲ್ಪ ಹೀರುತ್ತದೆ. ನೂರಾರು ಕಾರ್ಡು ಸೇರಿ ಆ ಭಾರ ಹೊತ್ತರೆ ಒಂದೊಂದಕ್ಕೆ ಬೀಳುವ ಪಾಲು ಕಡಿಮೆ. ಖಾಲಿ ಜಾಗ ಉಳಿದರೆ ಬೆಲೆಯಿಲ್ಲದ ಕಾಮನ್ ಕಾರ್ಡುಗಳನ್ನು ತುಂಬಿ. ಅವಕ್ಕೂ ಒಂದು ಉದ್ಯೋಗ ಸಿಕ್ಕಿತು.

ದುಡ್ಡು ಹಾಕಲು ತಯಾರಿದ್ದರೆ ಆರ್ದ್ರತೆಯನ್ನು ಶೇ. 49ರಲ್ಲಿ ನಿಲ್ಲಿಸುವ, ಬೊವೇಡಾ ಕಂಪನಿಯ 49ರ ಪೊಟ್ಟಣ ಬರುತ್ತದೆ. ಗಿಟಾರ್, ಪಿಟೀಲಿನಂಥ ಮರದ ವಾದ್ಯಗಳಿಗೆಂದು ಮಾಡಿದ್ದು, ಕಾರ್ಡಿನವರೂ ಹಿಡಿದುಕೊಂಡರು. ಒಣಗಿದಾಗ ತೇವ ಕೊಡುತ್ತದೆ, ಹೆಚ್ಚಾದಾಗ ಹೀರುತ್ತದೆ. ನಮ್ಮ ಸೀಮೆಗೆ ಸಿಲಿಕಾ ಜೆಲ್‌ಗಿಂತ ಇದೇ ಸರಿ. ಒಳಗಿನ ದ್ರವ ಒಣಗಿ ಪೊಟ್ಟಣ ಗಟ್ಟಿಯಾದರೆ ಬದಲಾಯಿಸಬೇಕು, ಬೇಸಿಗೆಯಲ್ಲಿ ಬೇಗ ಗಟ್ಟಿಯಾಗುತ್ತದೆ.

ಫಾಯಿಲ್ ಕಾರ್ಡು ಬಾಗಿದೆ. ನೆಟ್ಟಗೆ ಮಾಡಬಹುದಾ?

ಯಾವ ಕಡೆಗೆ ಬಾಗಿದೆ ನೋಡಿ. ಚಿತ್ರ ಮೇಲಾಗಿ ಮೇಜಿನ ಮೇಲಿಡಿ. ನಡು ಉಬ್ಬಿ, ಅಂಚು ಕೆಳಗಿಳಿದು, ಕವುಚಿದ ಹೆಂಚಿನ ಹಾಗಿದ್ದರೆ ಅದು ಒಣಗಿದೆ. ಅಂಚು ಮೇಲೆದ್ದು ದೊನ್ನೆಯಂತಿದ್ದರೆ ತೇವ ಕುಡಿದಿದೆ. ಚಿತ್ರದ ಬದಿಯ ಹೊಳಪಿನ ಪದರ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ, ಹಿಂದಿನ ಕಾಗದ ಮಾತ್ರ ಎರಡೂ ಮಾಡುತ್ತದೆ. ಜಗಳ ಇವೆರಡರದು. ಬೇಸಿಗೆಯಲ್ಲಿ ಬರುವ ಫೋಟೋಗಳೆಲ್ಲ ಹೆಂಚು, ಸೆಪ್ಟೆಂಬರ್‌ನವೆಲ್ಲ ದೊನ್ನೆ. ಮೇ ತಿಂಗಳಲ್ಲಿ ದೊನ್ನೆ ಬಂದರೆ ನಾನು ಕೇಳುವ ಮೊದಲ ಮಾತು, "ಮನೇಲಿ ಕೂಲರ್ ಇದೆಯಾ?"

ದೊನ್ನೆಯಾದರೆ ಸ್ಲೀವಿನಿಂದ (ಕಾರ್ಡಿಗೆ ತೊಡಿಸುವ ತೆಳು ಪ್ಲಾಸ್ಟಿಕ್ ಕವಚ) ತೆಗೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ, ದಿನಕ್ಕೆರಡು ಸಲ ನೋಡುತ್ತಿರಿ. ಹೆಂಚಾದರೆ ಡಬ್ಬಿಯೊಳಗೆ ಒಂದು ಬಟ್ಟಲಿನಲ್ಲಿ ಹಿಂಡಿದ ಒದ್ದೆ ಬಟ್ಟೆ ಇಡಿ, ಕಾರ್ಡಿಗೆ ತಾಗಬಾರದು. ಮೀಟರು 55 ದಾಟಿದರೆ ಬಟ್ಟೆ ಹೊರಗೆ ತೆಗೆಯಿರಿ. ಸಾಕಷ್ಟು ನೆಟ್ಟಗಾದ ಮೇಲೆ ಸ್ಲೀವ್ ಹಾಕಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ದಪ್ಪ ನಿಘಂಟೊಂದನ್ನು ಮೇಲೆ ಹೇರಿ ಎರಡು ದಿನ ಬಿಡಿ. ಕೈಯಲ್ಲಿ ಹಿಂದಕ್ಕೆ ಬಗ್ಗಿಸಬೇಡಿ, ಫಾಯಿಲಿನ ಮೇಲೆ ಗೆರೆ ಬಿದ್ದರೆ ಹೋಗುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಅಂತೂ ಬೇಡವೇ ಬೇಡ. ನಗಬೇಡಿ, ಕೇಳಿದವರಿದ್ದಾರೆ.

ನೆಟ್ಟಗಾದ ಕಾರ್ಡನ್ನು ಮತ್ತೆ ಅದೇ ಕೋಣೆಯಲ್ಲಿ ಬಯಲಿಗಿಟ್ಟರೆ ಮತ್ತೆ ಬಾಗುತ್ತದೆ.

ಸ್ಲೀವ್ ಯಾವ ಅಳತೆಯದು ತಗೊಳ್ಳಬೇಕು?

ಪೋಕೆಮಾನ್, ಮ್ಯಾಜಿಕ್ ಎರಡೂ 63 × 88 ಮಿಲಿಮೀಟರು. ಇವಕ್ಕೆ 'ಸ್ಟ್ಯಾಂಡರ್ಡ್' ಅಂತ ಬರೆದ, 66 × 91ರ ಸ್ಲೀವ್. ಯು-ಗಿ-ಓ ಸ್ವಲ್ಪ ಕಿರಿದು, 59 × 86. ಅದಕ್ಕೆ 'ಸ್ಮಾಲ್' ಇಲ್ಲವೇ 'ಜಪಾನೀಸ್' ಅಂತ ಬರೆದ 62 × 89ರದು. ಅದಲುಬದಲಾದರೆ ಒಂದು ಒಳಗೇ ಹೋಗದು, ಇನ್ನೊಂದು ಒಳಗೆ ಅಲ್ಲಾಡಿ ಮೂಲೆ ಸವೆಸಿಕೊಳ್ಳುತ್ತದೆ.

ಬೆಲೆಯುಳ್ಳ ಕಾರ್ಡಿಗೆ ಎರಡು ಪದರ ಹಾಕಿ. ಮೈಗಂಟಿ ಕೂರುವ 64 × 89ರ ಒಳಸ್ಲೀವನ್ನು ಕಾರ್ಡಿನ ತಲೆ ಕಡೆಯಿಂದ ತೊಡಿಸಿ, ಆಗ ಅದರ ಬಾಯಿ ಕೆಳಗಿರುತ್ತದೆ. ಹೊರಸ್ಲೀವಿನ ಬಾಯಿ ಮೇಲೆ ಬರಲಿ. ಎರಡು ಬಾಯಿ ಎದುರುಬದುರಾದರೆ ಧೂಳಿಗೂ ನೀರಿಗೂ ದಾರಿ ಸುತ್ತು. ತೊಡಿಸಿದ ಮೇಲೆ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ನೀವಿ ಗಾಳಿ ಹೊರಡಿಸಿ. ಇಲ್ಲದಿದ್ದರೆ ಡೆಕ್ಕು, ಅಂದರೆ ಆಟಕ್ಕೆ ಜೋಡಿಸಿದ ಕಾರ್ಡಿನ ಕಟ್ಟು, ಉಬ್ಬಿದ ಪೂರಿಯ ಹಾಗೆ ನಿಲ್ಲುತ್ತದೆ.

ಆಡುವ ಡೆಕ್ಕಿನ ಸ್ಲೀವ್ ಬೇರೆ, ಕೂಡಿಡುವ ಸ್ಲೀವ್ ಬೇರೆ. ಕಲಸಿ ಕಲಸಿ ಗೀರು ಬಿದ್ದ ಸ್ಲೀವನ್ನು ಎಸೆಯಲು ಜಿಪುಣತನ ಬೇಡ.

ಊರಿನ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಆಲ್ಬಮ್ ನಡೆಯುತ್ತಾ?

ವಿಸಿಟಿಂಗ್ ಕಾರ್ಡಿನ ಆಲ್ಬಮ್ಮಿನ ಕಿಸೆ ನಮ್ಮ ಕಾರ್ಡಿಗೆ ಅಗಲ ಸಾಲದು. ಫೋಟೋ ಆಲ್ಬಮ್ಮಿನ ಕಿಸೆ ದೊಡ್ಡದು, ಜಾರುತ್ತದೆ. ಅಳತೆ ಹೊಂದಿದರೂ ಪ್ಲಾಸ್ಟಿಕ್ ಯಾವುದು ಅನ್ನುವುದು ಮುಖ್ಯ. ಮೆತ್ತಗೆ, ಜೋತು ಬೀಳುವ, ಹೊಸ ರೆಕ್ಸಿನ್ ವಾಸನೆ ಹೊಡೆಯುವ ಹಾಳೆ ಸಾಮಾನ್ಯವಾಗಿ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಕಾಲಕ್ರಮದಲ್ಲಿ ಹೊರಗೆ ಜಿನುಗಿ ಕಾರ್ಡಿನ ಮೈಗೆ ಅಂಟುತ್ತದೆ, ಬಿಸಿಲೂರಿನಲ್ಲಿ ಇನ್ನೂ ಬೇಗ. ಹಳೇ ಮದುವೆ ಆಲ್ಬಮ್ಮಿನಲ್ಲಿ ಫೋಟೋ ಕಿಸೆಗೇ ಅಂಟಿಕೊಂಡಿದ್ದನ್ನು ನೋಡಿಲ್ಲವೇ?

ಬೇಕಾದದ್ದು ಪಾಲಿಪ್ರೊಪಿಲೀನ್. ಪರೀಕ್ಷೆ ಸುಲಭ: ಹಾಳೆಯ ಮೂಲೆಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಸೋಪಿನ ಹನಿ ಬೆರೆಸಿದ ಲೋಟ ನೀರಿನಲ್ಲಿ ಬೆರಳಿನಿಂದ ಒತ್ತಿ ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲೇಳುತ್ತದೆ. ಪಿವಿಸಿ ತಳ ಸೇರುತ್ತದೆ. ಅಂಗಡಿಯವರ ಎದುರಿಗೇ ಮಾಡಬೇಡಿ, ಬೇಜಾರಾಗುತ್ತಾರೆ. ಒಂದು ಹಾಳೆ ಕೊಂಡು ತಂದು ಮನೆಯಲ್ಲಿ ಮಾಡಿ.

ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವಚ) ಎಲ್ಲಾ ಕಾರ್ಡಿಗೂ ಬೇಕಾ?

ಬೇಡ. ಕೈ ತಪ್ಪಿ ಬಿದ್ದರೆ ಎದೆ ಧಸಕ್ಕೆನ್ನುವಂಥ ಹತ್ತಿಪ್ಪತ್ತಕ್ಕೆ ಸಾಕು. ಗಟ್ಟಿ ಟಾಪ್‌ಲೋಡರುಗಳಲ್ಲೂ ಪಿವಿಸಿಯವು ಬಹಳ. ಮೆತ್ತನೆಯ ಹಾಳೆಯಷ್ಟು ಕೆಟ್ಟದ್ದಲ್ಲ, ಆದರೂ ಬರಿಮೈ ಕಾರ್ಡನ್ನು ಅದರಲ್ಲಿ ತುರುಕಬೇಡಿ. ಮೊದಲು ಸ್ಲೀವ್, ಆಮೇಲೆ ಟಾಪ್‌ಲೋಡರ್.

ಬೈಂಡರ್ ಕೊಳ್ಳುವಾಗ ಏನು ನೋಡಬೇಕು?

ಕಿಸೆಯ ಬಾಯಿ ಪಕ್ಕದಲ್ಲಿರಬೇಕು, ಮೇಲೆ ಅಲ್ಲ. ಜಿಪ್ ಇರಬೇಕು, ನಮ್ಮ ಧೂಳಿಗೆ ಜಿಪ್ ಇಲ್ಲದ್ದು ತೆರೆದ ಬಾಗಿಲೇ. ರಿಂಗ್ ಇಲ್ಲದ್ದು ಒಳ್ಳೆಯದು. ದುಂಡು ರಿಂಗಿನ ಫೈಲಿನಲ್ಲಿ ಒಳಸಾಲಿನ ಕಾರ್ಡು ರಿಂಗಿಗೆ ಒತ್ತಿ ಚಂದ್ರನಾಕಾರದ ಗುರುತು ಬೀಳುತ್ತದೆ. ಹಾಳೆಗೆ ಒಂಬತ್ತು ಕಿಸೆ, ಎರಡು ಮಗ್ಗುಲು, 20 ಹಾಳೆ ಅಂದರೆ 360 ಕಾರ್ಡು. ಒಂದೇ ಕಿಸೆಯಲ್ಲಿ ಎರಡೆರಡು ತುಂಬಿ 720 ಮಾಡುವ ಜಾಣರ ಬೈಂಡರುಗಳು ಬಸುರಿಯಂತೆ ಉಬ್ಬಿ ನಿಂತಿರುತ್ತವೆ. ಬೀರಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ, ಪಕ್ಕಕ್ಕೆ ಒರಗದಂತೆ ಆಸರೆ ಕೊಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದಕ್ಕೆ ಶಿಕ್ಷೆ.

ಮನೆಯಲ್ಲಿ ಯಾವ ಜಾಗ ಒಳ್ಳೆಯದು?

ನೆಲಮನೆ, ನಡುಕೋಣೆ, ಪಡುವಣ ಬಿಸಿಲು ಹೊಡೆಯದ ಗೋಡೆ. ಹಳೇ ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿಸಿಕೊಂಡವರು ಪುಣ್ಯವಂತರು. ಮೊಳದಷ್ಟು ದಪ್ಪ ಗೋಡೆಯೊಳಗಿನ ಗೂಡು ಮೇ ತಿಂಗಳಲ್ಲೂ ತಣ್ಣಗಿರುತ್ತದೆ, ಮಳೆಗಾಲದಲ್ಲಿ ಸೋರದಿದ್ದರೆ. ಆರ್‌ಸಿಸಿ ಮನೆಯ ಮೇಲಿನ ಅಂತಸ್ತು, ತಗಡಿನ ಕೆಳಗಿನ ಅಟ್ಟ, ಎರಡೂ ಬೇಡ. ಅಟ್ಟದಲ್ಲಿ ಒಂದು ಬೇಸಿಗೆ ಕಳೆದ ನನ್ನ ಹಳೇ ಕಾರ್ಡಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೆ. ಇಳಿಸಿದಾಗ ಅದು ಕರಗಿ ಮೇಲಿನ ಕಾರ್ಡಿನ ನಡುವಿಗೆ ಕಂದು ಗೋಂದಾಗಿ ಅಂಟಿತ್ತು, ಅಂಚುಗಳಲ್ಲಿ ನಾಲ್ಕು ಕಚ್ಚು. ಅಂದಿನಿಂದ ನಮ್ಮ ಮನೆಯಲ್ಲಿ ರಬ್ಬರ್ ಬ್ಯಾಂಡ್ ಕೊತ್ತಂಬರಿ ಕಟ್ಟಿಗೆ ಮಾತ್ರ.

ಕಬ್ಬಿಣದ ಬೀರು ಆಗಬಹುದು, ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ದೂರ ನಿಲ್ಲಿಸಿ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುವ ಆಸೆಯಿದ್ದರೆ ಬಿಸಿಲು ನೇರ ಬೀಳದ ಗೋಡೆ ಆರಿಸಿ. ಬೆಳಕಿಗೆ ಮೊದಲು ಸೋಲುವುದು ಕೆಂಪು, ಹಳದಿ. ಬೆಂಕಿ ಕಾರುವ ಚಾರಿಜಾರ್ಡ್ ಎರಡು ವರ್ಷದಲ್ಲಿ ಜ್ವರ ಬಂದವನಂತೆ ಬಿಳಿಚಿಕೊಳ್ಳುತ್ತದೆ.

ಧೂಳನ್ನು ಬಟ್ಟೆಯಿಂದ ಒರೆಸಬಹುದಾ?

ನೇರ ಒರೆಸಬೇಡಿ. ಬಳ್ಳಾರಿ-ಸಂಡೂರು ಕಡೆಯ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಕಣ ಇರುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಸ್ಲೀವಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬಲ್ಬಿನಿಂದ ಮೊದಲು ಊದಿ ಹಾರಿಸಿ, ಉಳಿದದ್ದನ್ನು ಕನ್ನಡಕದ ಮೆತ್ತನೆ ಬಟ್ಟೆಯಿಂದ ತೆಗೆಯಿರಿ. ಬಾಯಿಂದ ಊದಿದರೆ ಎಂಜಲ ಹನಿ ಬೀಳುತ್ತದೆ.

ಇನ್ನೊಂದು, ಇದು ಬಳ್ಳಾರಿಯವರಿಗೇ ಬರುವ ಕಷ್ಟ. ಜೀನ್ಸ್ ಹೊಲಿಯುವ ಊರಲ್ಲವೇ, ಉಳಿದ ತುಂಡಿನಲ್ಲಿ ಡೆಕ್ಕಿಗೆ ಚೀಲ ಹೊಲಿಸಿಕೊಂಡರೆ ಚಂದ ಅಂತ ನನಗೂ ಅನ್ನಿಸಿತ್ತು. ಹೊಲಿಸಿದೆ, ಗಟ್ಟಿಯೂ ಇತ್ತು. ವಾರದೊಳಗೆ ಬಿಳಿ ಸ್ಲೀವುಗಳ ಅಂಚೆಲ್ಲ ನೀಲಿ. ಒಗೆಯದ ಡೆನಿಮ್ ಉಜ್ಜಿದಲ್ಲೆಲ್ಲ ಬಣ್ಣ ಬಿಡುತ್ತದೆ. ಹೊಲಿಸುವುದಾದರೆ ಮೂರು ನಾಲ್ಕು ಸಲ ಒಗೆದು, ಒಳಗೆ ಬಿಳಿ ಹತ್ತಿ ಬಟ್ಟೆಯ ಅಸ್ತರು ಕೊಡಿಸಿ.

ಹುಳ, ಜಿರಳೆ, ಗೆದ್ದಲು?

ನುಸಿ ಗುಳಿಗೆ ಬೇಡ. ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ವಾಸನೆ ಕಾರ್ಡಿಗೆ ಹಿಡಿದರೆ ಬಿಡುವುದಿಲ್ಲ. ಅಜ್ಜಿಯರ ಬೇವಿನ ಎಲೆ ಹಾಕುವುದಾದರೆ ಗರಿಗರಿ ಒಣಗಿದ್ದನ್ನು ಬಟ್ಟೆಯಲ್ಲಿ ಕಟ್ಟಿ ಬೀರಿನಲ್ಲಿಡಿ, ಡಬ್ಬಿಯೊಳಗಲ್ಲ. ಹಸಿ ಎಲೆ ತಾನೇ ತೇವ ಬಿಡುತ್ತದೆ. ಸಿಲ್ವರ್‌ಫಿಶ್ ಹುಳಕ್ಕೆ ಕಾಗದ, ಅಂಟು ಎರಡೂ ಊಟ, ರಟ್ಟಿನ ಪೆಟ್ಟಿಗೆಯ ಮಡಿಕೆಗಳಲ್ಲಿ ಅಡಗಿರುತ್ತದೆ. ಆನ್‌ಲೈನ್ ಪಾರ್ಸೆಲ್ಲಿನ ರಟ್ಟನ್ನು ಅದಕ್ಕೇ ಕೂಡಿಡಬೇಡಿ. ಗೆದ್ದಲಿರುವ ಮನೆಯಲ್ಲಿ ಡಬ್ಬಿ ನೆಲಕ್ಕೂ ಗೋಡೆಗೂ ತಾಗಬಾರದು.

ಮೂರು ಸಾವಿರ ಕಾರ್ಡು ರಾಶಿ ಬಿದ್ದಿದೆ. ಜೋಡಿಸುವುದು ಎಲ್ಲಿಂದ ಶುರು ಮಾಡಲಿ?

ಮೊದಲು ಚಾಪೆ ಹಾಸಿ, ಫ್ಯಾನ್ ಆರಿಸಿ. ಫ್ಯಾನ್ ಆರಿಸದೆ ಶುರು ಮಾಡಿದವರು ಎರಡು ಸಲ ಜೋಡಿಸಬೇಕಾಗುತ್ತದೆ. ಸಾವಿರ ಕಾರ್ಡು ಹತ್ತಿರ ಹತ್ತಿರ ಎರಡು ಕಿಲೋ ತೂಗುತ್ತವೆ, ಅಂದರೆ ನಿಮ್ಮದು ಐದೂವರೆ ಕಿಲೋ ಚಿಲ್ಲರೆ. ಒಂದು ಭಾನುವಾರದ ಕೆಲಸ.

ಆಟಗಾರರೋ ಸಂಗ್ರಹಕಾರರೋ ಅನ್ನುವುದು ಮೊದಲು ತೀರ್ಮಾನವಾಗಲಿ. ಎರಡೂ ಅಂತೀರಿ, ಗೊತ್ತು. ಹಾಗಾದರೆ ರಾಶಿಯನ್ನೇ ಎರಡು ಮಾಡಿ, ಒಂದೇ ಕ್ರಮದಲ್ಲಿ ಎರಡನ್ನೂ ಕಟ್ಟಿಹಾಕಲು ಹೋದರೆ ಯಾವುದೂ ಸಿಗುವುದಿಲ್ಲ.

ಸಂಗ್ರಹಕಾರರಿಗೆ ಮೊದಲು ಸೆಟ್ (ಕಂಪನಿ ಒಂದೇ ಹೆಸರಿನಲ್ಲಿ ಹೊರತಂದ ಕಾರ್ಡುಗಳ ಗುಂಪು), ಆಮೇಲೆ ಸಂಖ್ಯೆ. ಪೋಕೆಮಾನ್ ಕಾರ್ಡಿನ ಕೆಳಮೂಲೆಯಲ್ಲಿ 25/165 ಅಂತ ಇರುತ್ತದಲ್ಲ, ಅದೇ ವಿಳಾಸ. ಪಕ್ಕದ ಚಿಹ್ನೆ ವೃತ್ತವಾದರೆ ಕಾಮನ್, ವಜ್ರಾಕೃತಿಯಾದರೆ ಅನ್‌ಕಾಮನ್, ನಕ್ಷತ್ರವಾದರೆ ರೇರ್. ಮ್ಯಾಜಿಕ್‌ನಲ್ಲಿ ಸೆಟ್ ಚಿಹ್ನೆಯ ಬಣ್ಣ ನೋಡಿ: ಕಪ್ಪು, ಬೆಳ್ಳಿ, ಚಿನ್ನ, ಎಲ್ಲಕ್ಕಿಂತ ಮೇಲೆ ಕೆಂಪು-ಕಿತ್ತಳೆ. ಯು-ಗಿ-ಓದಲ್ಲಿ ಚಿತ್ರದ ಕೆಳಗೆ ಬಲಕ್ಕೆ ಕೋಡ್ ಇರುತ್ತದೆ. ಪೋಕೆಮಾನ್ ಕಾರ್ಡಿನಲ್ಲಿ ಗೆರೆಯ ಬಲಕ್ಕಿರುವ ಸಂಖ್ಯೆಗಿಂತ ಎಡದ್ದು ದೊಡ್ಡದಿದ್ದರೆ, ಅಂದರೆ 199/165 ಅಂತಿದ್ದರೆ, ಅಚ್ಚಿನ ತಪ್ಪಲ್ಲ. ಅದು ಸೆಟ್ಟಿನ ಎಣಿಕೆ ಮೀರಿದ ಸೀಕ್ರೆಟ್ ರೇರ್, ಕುಣಿದಾಡಿ.

ಬೈಂಡರಿಗೆ ಹಾಕುವ ಮುಂಚೆ ಲೆಕ್ಕ ಹಾಕಿ. 2023ರಲ್ಲಿ ಬಂದ ಪೋಕೆಮಾನ್‌ನ '151' ಸೆಟ್ಟಿನಲ್ಲಿ ಸೀಕ್ರೆಟ್ ರೇರ್ ಸೇರಿ 207 ಕಾರ್ಡು. ಮಗ್ಗುಲಿಗೆ ಒಂಬತ್ತರಂತೆ ಸರಿಯಾಗಿ 23 ಮಗ್ಗುಲು, ಹನ್ನೆರಡು ಹಾಳೆ. ಇನ್ನೂ ಸಿಗದ ಕಾರ್ಡಿನ ಕಿಸೆಯನ್ನು ಖಾಲಿ ಬಿಟ್ಟು, ಬಿಳಿ ಚೀಟಿಯಲ್ಲಿ ಸಂಖ್ಯೆ ಬರೆದು ಸೇರಿಸಿ. ಹಾಗೆ ಮಾಡದೆ ಒತ್ತೊತ್ತಾಗಿ ಹಾಕುತ್ತ ಹೋದರೆ, ನಡುವಿನದೊಂದು ಸಿಕ್ಕಿದ ದಿನ ಅದರ ಮುಂದಿನ ನೂರೈವತ್ತನ್ನೂ ಒಂದೊಂದು ಮನೆ ಮುಂದೆ ಸರಿಸಬೇಕು. ನಾನು ಸರಿಸಿದ್ದೇನೆ, ದೀಪಾವಳಿ ರಜೆ ಅದರಲ್ಲೇ ಹೋಯಿತು.

ಆಟಗಾರರಿಗೆ ಸೆಟ್ ಮುಖ್ಯವಲ್ಲ. ಪೋಕೆಮಾನ್‌ನಲ್ಲಿ ಮೊದಲು ಎಡ ಕೆಳಮೂಲೆಯ ಇಂಗ್ಲಿಷ್ ಅಕ್ಷರದಂತೆ ಬೇರ್ಪಡಿಸಿ. ಹೊಸ ಕಾರ್ಡುಗಳಿಗಷ್ಟೇ ಅವಕಾಶವಿರುವ ಸ್ಟ್ಯಾಂಡರ್ಡ್ ಆಟದಿಂದ ಹಳೇ ಅಕ್ಷರ ಹೊರಬಿದ್ದಾಗ ಆ ಕಟ್ಟನ್ನೇ ಎತ್ತಿಟ್ಟರಾಯಿತು. ಆಮೇಲೆ ಪೋಕೆಮಾನ್ ಬಗೆಬಗೆಯಾಗಿ, ಟ್ರೇನರ್ ಬೇರೆ, ಎನರ್ಜಿ ಬೇರೆ. ಒಂದೇ ಹೆಸರಿನದು ಡೆಕ್ಕಿಗೆ ನಾಲ್ಕು ಮೀರುವಂತಿಲ್ಲ, ಬೇಸಿಕ್ ಎನರ್ಜಿಗೆ ಮಾತ್ರ ವಿನಾಯಿತಿ. ಹಾಗಾಗಿ ನಾಲ್ಕು ನಾಲ್ಕು ಒಟ್ಟಿಗಿಟ್ಟು, ಐದನೆಯದರಿಂದ ವಿನಿಮಯದ ಡಬ್ಬಿಗೆ ಹಾಕಿ. ಯು-ಗಿ-ಓದವರಿಗೆ ಈ ಲೆಕ್ಕ ಮೂರು.

ಕೈಯಲ್ಲಿ ಹಿಡಿದು ಒಂದೊಂದಾಗಿ ಸಂಖ್ಯೆಗೆ ಸೇರಿಸಬೇಡಿ. ಮೊದಲು 1-50, 51-100 ಅಂತ ಗುಡ್ಡೆ ಮಾಡಿ, ಪ್ರತಿ ಗುಡ್ಡೆಯನ್ನು ಹತ್ತರ ಗುಂಪಾಗಿಸಿ, ಕೊನೆಗೆ ಕ್ರಮ. ಅಂಚೆಯವರು ಕಾಗದ ವಿಂಗಡಿಸುವ ರೀತಿ.

ಪಟ್ಟಿ ಮಾಡಲು ಆ್ಯಪ್ ಬೇಕಾ?

ಗೂಗಲ್ ಶೀಟ್ ಸಾಕು. ಸೆಟ್, ಸಂಖ್ಯೆ, ಎಷ್ಟಿವೆ, ಯಾವ ಡಬ್ಬಿ, ಕೊಂಡ ಬೆಲೆ. ಆ್ಯಪ್‌ಗಳು ತೋರಿಸುವ ಬೆಲೆ ಅಮೆರಿಕ, ಯುರೋಪಿನ ಮಾರುಕಟ್ಟೆಯದು. ಡಾಲರನ್ನು ರೂಪಾಯಿಗೆ ಗುಣಿಸಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ, ಆ ಬೆಲೆಗೆ ರಾಯಚೂರಿನಲ್ಲಿ ಕೊಳ್ಳುವವರು ಸಿಗಬೇಕಲ್ಲ. ಬೆಲೆಯುಳ್ಳವುಗಳ ಎರಡೂ ಬದಿಯ ಫೋಟೋ ತೆಗೆದು ಫೋನಿನಲ್ಲಷ್ಟೇ ಅಲ್ಲದೆ ಇನ್ನೊಂದು ಕಡೆಯೂ ಇಡಿ.

ಮಗ ಜಾತ್ರೆಯಲ್ಲಿ ಚಿನ್ನದ ಬಣ್ಣದ ಕಾರ್ಡು ಕೊಂಡು ತಂದಿದ್ದಾನೆ. ಇದಕ್ಕೂ ಸ್ಲೀವ್ ಹಾಕಬೇಕೇನು?

ಐವತ್ತಕ್ಕೋ ನೂರಕ್ಕೋ ಒಂದು ಕಟ್ಟು ಸಿಗುವ ಹೊಳೆಯುವ ಪ್ಲಾಸ್ಟಿಕ್ ಕಾರ್ಡು ಕಂಪನಿಯದ್ದಲ್ಲ. ಅದನ್ನು ಅಸಲಿ ಕಾರ್ಡಿನ ಜೊತೆ ಒಂದೇ ಕಿಸೆಯಲ್ಲಿ ಹಾಕಬೇಡಿ, ಚಿನ್ನದ ಪುಡಿ ಉದುರುತ್ತದೆ. ಆದರೆ ಮಗುವಿನ ಎದುರಿಗೆ "ಇದು ಡೂಪ್ಲಿಕೇಟು" ಅಂತ ಹೇಳಿ ಮುಖ ಸಪ್ಪೆ ಮಾಡಬೇಡಿ, ಅಕ್ಕಾ. ಅವನಿಗೊಂದು ಬೇರೆ ಡಬ್ಬಿ ಕೊಡಿ, ಅದರಲ್ಲಿ ಅವನೇ ಯಜಮಾನ. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ ಟಾಜೋ ಬಿಲ್ಲೆಗಳನ್ನು ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ಕೂಡಿಟ್ಟಿದ್ದೆ, ಅದೇ ನನ್ನ ಮೊದಲ ಸಂಗ್ರಹ.

ಕಾಗದದ ಕಾರ್ಡು ಅಸಲಿಯೋ ಅನ್ನುವ ಅನುಮಾನವಿದ್ದರೆ, ಅದೇ ಕಾಲದ ಖಾತ್ರಿಯಿರುವ ಇನ್ನೊಂದು ಕಾರ್ಡನ್ನು ಪಕ್ಕದಲ್ಲಿ ಹಿಡಿದು ಎರಡರ ಹಿಂದೆಯೂ ಫೋನಿನ ಟಾರ್ಚ್ ಬಿಡಿ. ಅಸಲಿಯಲ್ಲಿ ನಡುವೆ ಬೆಳಕು ತಡೆಯುವ ಪದರ ಇರುತ್ತದೆ. ನಕಲಿ ಸಾಮಾನ್ಯವಾಗಿ ಲಾಟೀನಿನ ಹಾಗೆ ಬೆಳಗುತ್ತದೆ. ಅಂಚಿನ ಬಣ್ಣ ನೋಡಿ ಗಾಬರಿಯಾಗಬೇಡಿ, ಇಂಗ್ಲಿಷ್ ಪೋಕೆಮಾನ್ ಕಾರ್ಡಿನ ಹಳದಿ ಅಂಚು 2023ರಿಂದ ಬೂದು ಆಗಿದೆ.

ಆಡುವಾಗ ಏನು ಎಚ್ಚರಿಕೆ?

ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಆಡಬೇಡಿ. ಎಣ್ಣೆ ಸ್ಲೀವಿನ ಬಾಯಿಯಿಂದ ಒಳಗಿಳಿದರೆ ಕಾಗದ ಪಾರದರ್ಶಕವಾಗುತ್ತದೆ, ಅದಕ್ಕೆ ಮದ್ದಿಲ್ಲ. ಕೈ ತೊಳೆದು, ಒರೆಸಿಕೊಂಡು, ಒಣಗಿದ ಮೇಲೆ ಮುಟ್ಟಿ. ಆಟ ಮೊದಲೋ ಮಿರ್ಚಿ ಮೊದಲೋ ಅನ್ನುವುದನ್ನು ನೀವು ನೀವೇ ತೀರ್ಮಾನಿಸಿಕೊಳ್ಳಿ.

ಮಾಳಿಗೆ ಸೋರಿ ಕಾರ್ಡು ನೆನೆದಿದೆ. ಈಗೇನು ಮಾಡಲಿ?

ಕೈಯಲ್ಲಿರುವ ಹೇರ್ ಡ್ರೈಯರನ್ನು ಮೊದಲು ಪಕ್ಕಕ್ಕಿಡಿ, ಅದು ಬೇಡ. ಬಿಸಿಲಿಗೂ ಹಾಕಬೇಡಿ, ಸಂಡಿಗೆಯಲ್ಲ. ಸ್ಲೀವಿನಲ್ಲಿದ್ದರೆ ಮೊದಲು ಸ್ಲೀವಿನ ಹೊರಮೈ ಒರೆಸಿ. ಒಳಗೆ ನೀರು ಹೋಗಿದ್ದರೆ ಸ್ಲೀವಿನ ಎರಡು ಬದಿ ಕತ್ತರಿಸಿ ಬಿಡಿಸಿ, ಎಳೆದು ತೆಗೆಯಬೇಡಿ. ಟಿಶ್ಯೂ ಇಲ್ಲವೇ ಬಿಳಿ ಬ್ಲಾಟಿಂಗ್ ಕಾಗದದಿಂದ ಒತ್ತಿ ನೀರು ತೆಗೆಯಿರಿ, ಉಜ್ಜುವಂತಿಲ್ಲ. ಎರಡು ಬ್ಲಾಟಿಂಗ್ ಕಾಗದದ ನಡುವೆ ಹಗುರ ಭಾರದ ಕೆಳಗಿಟ್ಟು, ಮೊದಲ ದಿನ ಒಂದೆರಡು ಗಂಟೆಗೊಮ್ಮೆ ಕಾಗದ ಬದಲಾಯಿಸುತ್ತಿರಿ. ಒಂದಕ್ಕೊಂದು ಅಂಟಿದ ಕಟ್ಟನ್ನು ಕಿತ್ತರೆ ಚಿತ್ರವೇ ಸುಲಿದು ಬರುತ್ತದೆ. ಅಂಥದ್ದನ್ನು ಬೂಜು ಹಿಡಿಯುವ ಮುಂಚೆ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ನೆನೆದ ಪುಸ್ತಕಗಳಿಗೆ ಗ್ರಂಥಾಲಯದವರೂ ಹೀಗೇ ಮಾಡುತ್ತಾರೆ. ಬೂಜು ಅಲ್ಲಿಗೆ ನಿಲ್ಲುತ್ತದೆ, ಬಿಡಿಸುವ ಉಪಾಯ ನಿಧಾನವಾಗಿ ಯೋಚಿಸಬಹುದು.

ಟೂರ್ನಮೆಂಟಿಗೆ ಬೆಂಗಳೂರಿಗೆ ಒಯ್ಯುವುದು ಹೇಗೆ?

ಆಡುವ ಡೆಕ್ಕು, ವಿನಿಮಯಕ್ಕೆ ತೆಳು ಬೈಂಡರು, ಅಷ್ಟೇ ಸಾಕು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತಳ್ಳದೆ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಿ. ಸ್ಕೂಟರಿನ ಡಿಕ್ಕಿಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ. ಸ್ಲೀವ್ ಒಂದಕ್ಕೊಂದು ಅಂಟುತ್ತವೆ.

ಗ್ರೇಡಿಂಗಿಗೆ ಕಳಿಸಲಾ?

ಪಿಎಸ್‌ಎಯಂಥ ಅಮೆರಿಕದ ಗ್ರೇಡಿಂಗ್ ಕಂಪನಿಯವರು ಕಾರ್ಡಿನ ಅಂಚು, ಮೂಲೆ, ಮೇಲ್ಮೈ, ಚಿತ್ರ ನಡುವಿಗಿದೆಯೇ ಎಂಬುದನ್ನು ನೋಡಿ ಹತ್ತರವರೆಗೆ ಅಂಕ ಕೊಡುತ್ತಾರೆ. ಅಮೆರಿಕಕ್ಕೆ ಹೋಗಿಬರುವ ಖರ್ಚು, ಸುಂಕ, ಕಾಯುವಿಕೆ ಸೇರಿಸಿ ಲೆಕ್ಕ ಹಾಕಿ. ಬಹಳ ಕಾರ್ಡುಗಳಿಗೆ ಕುದುರೆಗಿಂತ ಲಾಯದ ಖರ್ಚು ಜಾಸ್ತಿ.

ಹಾಸ್ಟೆಲ್ಲಿಗೆ ಹೊರಟೀನಿ ಅಣ್ಣಾ, ಎರಡು ವರ್ಷ ಮನಿಯಾಗ ಬಿಟ್ಟು ಹೋಗಬೇಕು. ಏನ್ ಮಾಡ್ಲಿ?

ಬೈಂಡರಿನ ಕಾರ್ಡುಗಳನ್ನೆಲ್ಲ ಡಬ್ಬಿಗೆ ಇಳಿಸು, ಎರಡು ವರ್ಷ ನಿಂತೇ ಇರುವ ಬೈಂಡರು ಒರಗಿಕೊಳ್ಳುತ್ತದೆ. ಕಾರ್ಡುಗಳು ಪುಸ್ತಕದ ಹಾಗೆ ನಿಂತಿರಲಿ, ಬಿಗಿಯಾಗಿ ತುಂಬು, ಆದರೆ ಒಂದು ಬೆರಳು ಆಡುವಷ್ಟು ಸಡಿಲ ಬಿಡು. ಸಿಲಿಕಾ ಜೆಲ್ ಬೇಡ, ಬೇಸಿಗೆಯಲ್ಲಿ ಅದನ್ನು ತೆಗೆಯುವವರು ಯಾರು? 49ರ ಪೊಟ್ಟಣ ಒಂದು ಹಾಕಿ, ರಜೆಗೆ ಬಂದಾಗಲೆಲ್ಲ ಮುಟ್ಟಿ ನೋಡು. ಡಬ್ಬಿಯನ್ನು ಬೀರಿನ ನಡುವಿನ ಅರೆಯಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಇಡು. ಮನೆಯಲ್ಲಿ ಎಲ್ಲಕ್ಕಿಂತ ಜೋಪಾನದ ಜಾಗ ಅದೇ, ಅಲ್ಲಿಗೆ ಇಲಿಯೂ ಬರಲ್ಲ, ತಮ್ಮನೂ ಬರಲ್ಲ. ನುಸಿ ಗುಳಿಗೆ ಇದ್ದರೆ ಮಾತ್ರ ಅಮ್ಮನ ಹತ್ತಿರ ಮಾತಾಡಿ ತೆಗೆಸು. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಂಟಿಸು: "ಅಮ್ಮಾ, ಇದು ರದ್ದಿ ಅಲ್ಲ. ಅಟ್ಟಕ್ಕೆ ಹಾಕಬೇಡ. ಅತ್ತೆ ಮಕ್ಕಳು ಬಂದಾಗ ತೋರಿಸಬೇಡ."